ಅರ್ಧ ಸಾಲ ಹೇಳಬೇಡಿ: ಮನೆಯವರೊಂದಿಗೆ ಕೂತು ಸಾಲ ತೀರಿಸುವ ಬಗೆ

ನನಗೆ ಇಪ್ಪತ್ತಾರು ವರ್ಷವಾಗಿದ್ದಾಗ ಅಪ್ಪನ ಮುಂದೆ ಕೂತು ನನ್ನ ಸಾಲ ಎಷ್ಟೆಂದು ಹೇಳಿದೆ. ಹೇಳಿದ್ದು ಅರ್ಧ. "ಇಷ್ಟೇ ತಾನೆ?" ಎಂದು ಕೇಳಿದರು. "ಇಷ್ಟೇ" ಎಂದೆ. ಅವರು ತಮ್ಮ ಠೇವಣಿಯೊಂದನ್ನು ಅವಧಿಗೆ ಮುಂಚೆಯೇ ಮುರಿಸಿ ಅಷ್ಟನ್ನೂ ಕಟ್ಟಿದರು. ನಾನು ಬಚ್ಚಿಟ್ಟುಕೊಂಡಿದ್ದ ಇನ್ನರ್ಧ, ಬಡ್ಡಿ, ದಂಡ, ಅದನ್ನು ಮುಚ್ಚಲು ಮಾಡಿದ ಹೊಸ ಸಾಲ ಎಲ್ಲ ಸೇರಿ ಎಂಟು ತಿಂಗಳಲ್ಲಿ ಮೊದಲಿನ ಒಟ್ಟು ಮೊತ್ತದ ಹತ್ತಿರಕ್ಕೆ ಬಂದು ನಿಂತಿತು. ಎರಡನೆಯ ಸಲ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ತೆಗೆದುಕೊಂಡು ಹೋದೆ. ಅಪ್ಪ ಬೈಯಲಿಲ್ಲ. ಓದಿ ಮುಗಿಸಿ, ಹಾಳೆಯನ್ನು ತಿರುವಿ, ಹಿಂಬದಿಯಲ್ಲಿ ಇನ್ನೇನಾದರೂ ಇದೆಯೇ ಎಂದು ನೋಡಿದರು.

ಇಲ್ಲಿರುವ ಹಂತಗಳೆಲ್ಲ ಆ ಹಾಳೆಯಿಂದಲೇ ಶುರುವಾಗುತ್ತವೆ. ಮನೆಯವರ ಹಣ ಸಾಲ ಕೊಟ್ಟವರ ಕೈ ಸೇರುವ ಮುಂಚೆ, ಸಾಲದ ಪೂರ್ತಿ ಲೆಕ್ಕ ಮನೆಯವರ ಕಣ್ಣಿಗೆ ಬಿದ್ದಿರಬೇಕು. ಇದು ಹಿಂದುಮುಂದಾದರೆ ಮಿಕ್ಕದ್ದನ್ನೆಲ್ಲ ಸರಿಯಾಗಿ ಮಾಡಿಯೂ ಹೆಚ್ಚಿನ ಪ್ರಯೋಜನವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ ಸುಮ್ಮನಾಗಿ. ಕಾಲು ಆಗಲೇ ಹೊರಗಿದೆ.

1. ಮೊದಲು ಹಾಳೆ

ಇದು ಯಾರಿಗೂ ಹೇಳುವ ಮುನ್ನ ಒಬ್ಬರೇ ಕೂತು ಮಾಡುವ ಕೆಲಸ. ಒಂದೇ ಸಂಜೆಗೆ ಮುಗಿಯುವುದಿಲ್ಲ, ಮೂರು ಸಂಜೆ ಇಟ್ಟುಕೊಳ್ಳಿ. ಮೊದಲ ಸಂಜೆ ನೆನಪಿಗೆ ಬಂದದ್ದನ್ನೆಲ್ಲ ಬರೆಯಿರಿ. ಎರಡನೆಯ ಸಂಜೆ ಕಳೆದ ಆರು ತಿಂಗಳ ಬ್ಯಾಂಕ್ ಖಾತೆಯ ವಿವರ ತೆಗೆದು, ಹೊರಗೆ ಹೋದ ಒಂದೊಂದು ಮೊತ್ತದ ಮುಂದೆಯೂ ಅದು ಯಾವುದರ ಕಂತು ಎಂದು ಗುರುತು ಹಾಕಿ. ನೆನಪು ಜಾರಿಸಿಬಿಟ್ಟದ್ದು ಇಲ್ಲಿ ಸಿಕ್ಕಿಬೀಳುತ್ತದೆ. ಮೂರನೆಯ ಸಂಜೆ ನಿಮ್ಮ ಕ್ರೆಡಿಟ್ ವರದಿ, ಅಂದರೆ ನಿಮ್ಮ ಹೆಸರಿನಲ್ಲಿರುವ ಸಾಲಗಳ ಮತ್ತು ಅವುಗಳ ಪಾವತಿಯ ದಾಖಲೆ, ತೆಗೆದು ಹೋಲಿಸಿ. ಅದರಲ್ಲಿ ನಿಮ್ಮದಲ್ಲದ ಸಾಲ ಕಂಡರೆ ಅಂದೇ ತಕರಾರು ಸಲ್ಲಿಸಿ. ಇನ್ನು ಯಾವ ವರದಿಯಲ್ಲೂ ಬಾರದವು ಇರುತ್ತವೆ: ಗೆಳೆಯರ ಕೈಗಡ, ಕಚೇರಿಯಲ್ಲಿ ಪಡೆದ ಮುಂಗಡ, ಅಮ್ಮನಿಗೆ ಗೊತ್ತಿಲ್ಲದೆ ಅಕ್ಕನಿಂದ ಇಸಿದುಕೊಂಡದ್ದು.

ಒಂದೊಂದು ಸಾಲದ ಮುಂದೆಯೂ ಇಷ್ಟು ಇರಲಿ:

- ಯಾರಿಗೆ ಕೊಡಬೇಕು
- ಇಂದೇ ಪೂರ್ತಿ ಮುಗಿಸುವುದಾದರೆ ಎಷ್ಟು ಬೇಕು
- ಬಡ್ಡಿ ದರ, ಅದು ತಿಂಗಳದ್ದೋ ವರ್ಷದ್ದೋ
- ಕಟ್ಟಲೇಬೇಕಾದ ಕನಿಷ್ಠ ಮೊತ್ತ ಮತ್ತು ಗಡುವಿನ ದಿನ
- ಅವಧಿಗೆ ಮುಂಚೆ ತೀರಿಸಿದರೆ ಶುಲ್ಕವಿದೆಯೇ
- ಅಡವಿಟ್ಟದ್ದೇನು, ಜಾಮೀನು ನಿಂತವರು ಯಾರು

ಬಡ್ಡಿ ದರವನ್ನು ನಂಬುವ ಮುಂಚೆ ಅದು ಯಾವುದರ ಮೇಲಿನ ಬಡ್ಡಿ ಎಂದು ಕೇಳಿ. ಕಂತು ಕಟ್ಟಿದಂತೆ ಅಸಲು ಇಳಿಯುತ್ತದೆ. ಆದರೆ ಕೆಲವರು ಕೊನೆಯ ತಿಂಗಳವರೆಗೂ ಮೊದಲ ದಿನದ ಅಸಲಿನ ಮೇಲೆಯೇ ಬಡ್ಡಿ ಹಾಕುತ್ತಾರೆ. ಇದಕ್ಕೆ ಫ್ಲಾಟ್ ದರ ಎಂದು ಹೆಸರು. ಒಂದು ವರ್ಷದ ಸಾಲಕ್ಕೆ ಶೇಕಡಾ 12ರ ಫ್ಲಾಟ್ ದರವೆಂದರೆ, ಇಳಿಯುವ ಅಸಲಿನ ಲೆಕ್ಕದಲ್ಲಿ ಅದು ಸುಮಾರು ಶೇಕಡಾ 21.5.

ಬರೆಯಲು ಕೈ ಹಿಂಜರಿಯುವ ಒಂದು ಸಾಲ ಎಲ್ಲರಿಗೂ ಇರುತ್ತದೆ. ಹೆಚ್ಚಾಗಿ ಅದು ದೊಡ್ಡ ಮೊತ್ತವೂ ಆಗಿರುವುದಿಲ್ಲ. ನನ್ನದು ಸಹೋದ್ಯೋಗಿಯೊಬ್ಬರಿಂದ ಪಡೆದ ಕೈಗಡ. ಅವರ ಮಗುವಿನ ಶಾಲೆಯ ಶುಲ್ಕಕ್ಕೆಂದು ಇಟ್ಟುಕೊಂಡಿದ್ದ ಹಣ ಅದು ಎಂದು ನನಗೆ ಗೊತ್ತಿತ್ತು. ಅಂಥದ್ದನ್ನು ಹಾಳೆಯ ಮೊದಲ ಸಾಲಿನಲ್ಲೇ ಬರೆಯಿರಿ, ಉಳಿದವು ತಾವಾಗಿ ಇಳಿಯುತ್ತವೆ.

2. ಒಂದು ಲಕ್ಷದ ಲೆಕ್ಕ

ಮನೆಯಲ್ಲಿ ಮಾತಾಡುವ ಮುಂಚೆ ಈ ಒಂದು ಲೆಕ್ಕವನ್ನು ನಿಧಾನವಾಗಿ ನೋಡಿ. ಎಲ್ಲಿ ಕೆಟ್ಟಿತು ಎಂದು ಅಪ್ಪ ಅಮ್ಮ ಕೇಳಿದಾಗ ಉತ್ತರ ಇಲ್ಲಿದೆ.

ಕ್ರೆಡಿಟ್ ಕಾರ್ಡಿನಲ್ಲಿ ಒಂದು ಲಕ್ಷ ಬಾಕಿ ಇದೆ, ತಿಂಗಳಿಗೆ ಶೇಕಡಾ 3 ಬಡ್ಡಿ, ಕನಿಷ್ಠ ಪಾವತಿ ಬಾಕಿಯ ಶೇಕಡಾ 5 ಎಂದಿಟ್ಟುಕೊಳ್ಳಿ. ಮೊದಲ ತಿಂಗಳು 3,000 ಬಡ್ಡಿ ಸೇರಿ ಬಾಕಿ 1,03,000 ಆಗುತ್ತದೆ. ನೀವು ಕಟ್ಟುವುದು 5,150. ಅದರಲ್ಲಿ ಅಸಲಿಗೆ ಹೋಗುವುದು ಬರಿಯ 2,150. ಮುಂದಿನ ತಿಂಗಳು ಬಾಕಿ ಚೂರು ಇಳಿದಿರುವುದರಿಂದ ಕನಿಷ್ಠ ಮೊತ್ತವೂ ಚೂರು ಇಳಿಯುತ್ತದೆ, ನೀವು ಕಟ್ಟುವುದೂ ಇಳಿಯುತ್ತದೆ. ಹೀಗೆ ಒಂದು ವರ್ಷ ಒಂದು ದಿನವೂ ತಪ್ಪದೆ ಕಟ್ಟಿದರೆ ಕೈಯಿಂದ ಹೋದದ್ದು ಸುಮಾರು 55,000, ಬಾಕಿ ಉಳಿದದ್ದು ಸುಮಾರು 77,000. ಮೂವತ್ತನೆಯ ತಿಂಗಳಲ್ಲಿ ಇನ್ನೂ 52,000 ಉಳಿದಿರುತ್ತದೆ.

ಈಗ ಬೇರೇನನ್ನೂ ಬದಲಿಸದೆ, ಮೊದಲ ತಿಂಗಳು ಕಟ್ಟಿದ ಅದೇ 5,150ನ್ನು ಇಳಿಸದೆ ಪ್ರತಿ ತಿಂಗಳೂ ಕಟ್ಟುತ್ತಾ ಹೋಗಿ. ಅದೇ ಮೂವತ್ತನೆಯ ತಿಂಗಳಿಗೆ ಸಾಲ ಮುಗಿಯುತ್ತದೆ. 8,000ಕ್ಕೆ ಏರಿಸಿದರೆ 16 ತಿಂಗಳು ಸಾಕು, ಒಟ್ಟು ಬಡ್ಡಿ 27,000ದ ಆಸುಪಾಸು.

ಇದನ್ನು ಮೊದಲ ಸಲ ಹಾಕಿ ನೋಡಿದಾಗ ನನಗೆ ಸಿಟ್ಟು ಬಂತು, ಬ್ಯಾಂಕಿನ ಮೇಲಲ್ಲ, ಎರಡು ವರ್ಷ "ಕನಿಷ್ಠ ಮೊತ್ತ" ಎಂಬ ಗುಂಡಿ ಒತ್ತುತ್ತಿದ್ದ ನನ್ನ ಹೆಬ್ಬೆರಳಿನ ಮೇಲೆ. ಏನನ್ನೂ ಕಟ್ಟದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಸುಲಭ ಲೆಕ್ಕವಿದೆ: 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಸಾಲ ಎಷ್ಟು ಕಾಲದಲ್ಲಿ ಇಮ್ಮಡಿಯಾಗುತ್ತದೆ ಎಂದು ತಿಳಿಯುತ್ತದೆ. ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ 1494ರಲ್ಲೇ ಇದನ್ನು ಬರೆದಿಟ್ಟಿದ್ದ. ತಿಂಗಳಿಗೆ ಶೇಕಡಾ 3 ಎಂದರೆ ಸುಮಾರು 24 ತಿಂಗಳು. ದಂಡ ಬೇರೆ.

3. ಸೋರುವುದನ್ನು ನಿಲ್ಲಿಸಿ

ಹೊಸ ಸಾಲ ನಿಲ್ಲದೆ ಹಳೆಯದನ್ನು ತೀರಿಸಲಾಗದು. ಮೊಬೈಲಿನಲ್ಲಿರುವ ಸಾಲದ ಆ್ಯಪ್‌ಗಳನ್ನು ತೆಗೆದುಹಾಕಿ, ಆದರೆ ಅದಕ್ಕೂ ಮುಂಚೆ ಅವುಗಳಲ್ಲಿನ ಬಾಕಿಯ ವಿವರ, ಒಪ್ಪಂದದ ಪ್ರತಿ ಎಲ್ಲವನ್ನೂ ಇಳಿಸಿಟ್ಟುಕೊಳ್ಳಿ. ಖರೀದಿಯ ತಾಣಗಳಲ್ಲಿ ಉಳಿಸಿಟ್ಟ ಕಾರ್ಡಿನ ವಿವರ ಅಳಿಸಿ. ಬಾಕಿ ಇರುವ ಕಾರ್ಡಿನಿಂದ ಹೊಸದಾಗಿ ಏನನ್ನೂ ಕೊಳ್ಳಬೇಡಿ. ಹಿಂದಿನ ಬಾಕಿಯನ್ನು ಪೂರ್ತಿ ಕಟ್ಟಿರದಿದ್ದರೆ ಬಹುತೇಕ ಕಾರ್ಡುಗಳಲ್ಲಿ ಬಡ್ಡಿಯಿಲ್ಲದ ದಿನಗಳ ಸೌಲಭ್ಯ ತಪ್ಪಿಹೋಗಿ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಕಾರ್ಡಿನಿಂದ ನಗದು ತೆಗೆಯುವುದಂತೂ ಬೇಡವೇ ಬೇಡ.

ಇದರ ಜೊತೆಗೆ ಒಂದು ತಿಂಗಳ ಅಗತ್ಯ ಖರ್ಚಿನಷ್ಟು ಹಣವನ್ನು ಪಕ್ಕಕ್ಕಿಡಿ. ಬಡ್ಡಿ ಓಡುತ್ತಿರುವಾಗ ಹಣ ಸುಮ್ಮನೆ ಇಡುವುದೇ ಎಂದು ಲೆಕ್ಕ ಬಲ್ಲವರು ಕೇಳುತ್ತಾರೆ. ಕೇಳಲಿ. ಹಲ್ಲುನೋವು ಬಂದ ದಿನ ಆ ಹಣ ಇಲ್ಲದಿದ್ದರೆ ಕೈ ಮತ್ತೆ ಕಾರ್ಡಿಗೇ ಹೋಗುತ್ತದೆ.

4. ಮನೆಯಲ್ಲಿ ಹೇಳುವ ದಿನ

ಮೊದಲು ಯಾರಿಗೆ ಹೇಳುವುದು? ಕೇಳಿಸಿಕೊಂಡ ಮೇಲೆ ನಿದ್ದೆ ಮಾಡಬಲ್ಲವರಿಗೆ. ಕೆಲವು ಮನೆಗಳಲ್ಲಿ ಅದು ಅಪ್ಪ, ಕೆಲವು ಕಡೆ ಅಕ್ಕ ಅಥವಾ ಚಿಕ್ಕಪ್ಪ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಳಿದವರಿಗೆ ಹೇಳಬಹುದು. ಆದರೆ "ಅಮ್ಮನಿಗೆ ಗೊತ್ತಾಗಬಾರದು" ಎಂಬ ಷರತ್ತು ಹಾಕಬೇಡಿ. ಒಂದೇ ಮನೆಯಲ್ಲಿ ಒಬ್ಬರಿಂದ ಮುಚ್ಚಿಟ್ಟ ಸಾಲ ಉಳಿದವರನ್ನೆಲ್ಲ ಸುಳ್ಳುಗಾರರನ್ನಾಗಿ ಮಾಡುತ್ತದೆ.

ಊಟದ ಹೊತ್ತು, ಹಬ್ಬದ ದಿನ, ಯಾರಾದರೂ ಹೊರಗೆ ಹೊರಟು ನಿಂತ ಗಳಿಗೆ ಬೇಡ. ಬಿಡುವಿರುವ ಬೆಳಗ್ಗೆ ಒಳ್ಳೆಯದು. ರಾತ್ರಿ ಹೇಳಿದರೆ ಮನೆಯವರು ಬೆಳಗಿನವರೆಗೂ ಚಾವಣಿ ನೋಡುತ್ತಾ ಮಲಗುತ್ತಾರೆ. ಪೀಠಿಕೆ ಹಾಕಬೇಡಿ. ಕಾಲು ಗಂಟೆ ಸುತ್ತಿ ಬಳಸಿ ಮಾತಾಡಿದರೆ ಕೇಳುವವರು ಅಷ್ಟರಲ್ಲಿ ಸಾಲಕ್ಕಿಂತ ಭೀಕರವಾದದ್ದನ್ನು ಊಹಿಸಿಕೊಂಡಿರುತ್ತಾರೆ. ಮೊದಲ ಮಾತಿನಲ್ಲೇ ಸಂಖ್ಯೆ ಇರಲಿ: "ನನಗೆ ಒಟ್ಟು ಇಷ್ಟು ಸಾಲವಿದೆ, ಏಳು ಕಡೆ ಇದೆ, ಎಲ್ಲವೂ ಈ ಹಾಳೆಯಲ್ಲಿದೆ." ಹಾಳೆಯನ್ನು ಅವರ ಕೈಗೆ ಕೊಟ್ಟು ಸುಮ್ಮನಿರಿ.

ಆಮೇಲೆ ಬರುವ ಮೊದಲ ಮಾತುಗಳಿಗೆ ಉತ್ತರ ಕೊಡಲು ಹೋಗಬೇಡಿ. "ನಾವು ಏನು ಕಡಿಮೆ ಮಾಡಿದ್ದೆವು?" ಎಂಬುದು ಪ್ರಶ್ನೆಯಲ್ಲ, ನೋವು. ಉತ್ತರ ಕೊಡಬೇಕಾದ ಪ್ರಶ್ನೆ ಒಂದೇ: ಇನ್ನೇನಾದರೂ ಉಳಿದಿದೆಯೇ? ಆ ದಿನ ಹಣ ಕೇಳಬೇಡಿ, ಕೊಡುತ್ತೇವೆಂದು ಅವರೇ ಹೇಳಿದರೂ ಒಂದು ವಾರ ಬಿಡಿ. ಗಾಬರಿಯಲ್ಲಿ ಕೊಟ್ಟ ಮಾತನ್ನು ಆಮೇಲೆ ನಡೆಸಲು ಮನೆಯವರು ಪಡುವ ಪಾಡನ್ನು ನಾನು ಕಂಡಿದ್ದೇನೆ.

5. ಮನೆಯವರಿಂದ ಏನು ಕೇಳಬಹುದು

ಮನೆಯ ಸಹಾಯವೆಂದರೆ ಹಣ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪಟ್ಟಿಯಲ್ಲಿ ಹಣಕ್ಕೆ ಕೊನೆಯ ಸ್ಥಾನ.

ಮೊದಲನೆಯದು ಸೂರು. ಬೇರೆ ಬಾಡಿಗೆ ಮನೆಯಲ್ಲಿರುವವರು ವರ್ಷದ ಮಟ್ಟಿಗೆ ಹೆತ್ತವರ ಮನೆಗೆ ಮರಳಲು ಸಾಧ್ಯವಾದರೆ ಅಷ್ಟು ಬಾಡಿಗೆ ಉಳಿಯುತ್ತದೆ. ಆದರೆ ಉಳಿದ ಮೊದಲ ತಿಂಗಳಿನಿಂದಲೇ ಆ ಮೊತ್ತ ಸಂಬಳ ಬಂದ ದಿನ ಸಾಲಕ್ಕೆ ಹೋಗುವಂತೆ ಬ್ಯಾಂಕಿಗೆ ಆದೇಶ ಕೊಟ್ಟಿರಬೇಕು. ಇಲ್ಲದಿದ್ದರೆ ಎಲ್ಲಿ ಹೋಯಿತೆಂದು ಗೊತ್ತಾಗದಂತೆ ಹರಿದುಹೋಗುತ್ತದೆ. ಮನೆ ಖರ್ಚಿಗೆ ಸಣ್ಣದೊಂದು ಪಾಲನ್ನು ಕೊಡಿ, ಅದು ಬೇಡವೆಂದರೆ ಮನೆಗೆಲಸದಲ್ಲಿ ಪಾಲು ಹೊರಿ. ಇಪ್ಪತ್ತಾರರ ವಯಸ್ಸಿನಲ್ಲಿ ಹದಿನಾರರವರಂತೆ ಬದುಕುವುದು ಎರಡು ಕಡೆಯವರಿಗೂ ಕಷ್ಟ.

ಎರಡನೆಯದು ಜೊತೆಗೆ ಕೂರುವುದು. ಸಾಲ ಕೊಟ್ಟವರಿಗೆ ಕರೆ ಮಾಡುವಾಗ ಅಕ್ಕ ಪಕ್ಕದಲ್ಲಿ ಕೂತು ಮಾತನ್ನು ಗುರುತು ಹಾಕಿಕೊಂಡರೆ ನಿಮ್ಮ ದನಿ ನಡುಗುವುದಿಲ್ಲ. ಮೂರನೆಯದು ಕಾವಲು: ಕಾರ್ಡನ್ನು ಅಮ್ಮನ ಬೀರುವಿನಲ್ಲಿ ಇಡಿಸುವುದು, ತಿಂಗಳಿಗೊಮ್ಮೆ ಖಾತೆಯ ವಿವರ ತೋರಿಸುವುದು. ಪಿನ್ ಸಂಖ್ಯೆ, ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬೇಡಿ. ತೋರಿಸುವುದು ಬೇರೆ, ಬೀಗದ ಕೈ ಕೊಡುವುದು ಬೇರೆ.

ಕೊನೆಗೆ ಹಣ. ಮನೆಯವರ ಬಳಿ ಎತ್ತಿಟ್ಟ ಉಳಿತಾಯವಿದ್ದು, ಅದು ಹೋದರೂ ಅವರ ಮುಂದಿನ ವರ್ಷ ಅಲುಗಾಡುವುದಿಲ್ಲ ಎಂದಾದರೆ ಮಾತ್ರ, ಅತಿ ಹೆಚ್ಚು ಬಡ್ಡಿಯ ಒಂದೇ ಒಂದು ಸಾಲವನ್ನು ಅದರಿಂದ ತೀರಿಸಿ, ಅವರಿಗೆ ಕಂತಿನಲ್ಲಿ ವಾಪಸು ಕೊಡಿ. ಮೇಲಿನ ಲೆಕ್ಕದ ಒಂದು ಲಕ್ಷವನ್ನು ಅಪ್ಪ ಬಡ್ಡಿಯಿಲ್ಲದೆ ಕೊಟ್ಟರೆ ತಿಂಗಳಿಗೆ 8,000ದಂತೆ 13 ತಿಂಗಳಲ್ಲಿ ಮುಗಿಯುತ್ತದೆ. ಅಪ್ಪನ ಹಣವಿಲ್ಲದೆ 16 ತಿಂಗಳು ಎಂದಾಗಿತ್ತಲ್ಲ, ಅಂದರೆ ಮನೆಯ ಹಣದಿಂದ ಉಳಿಯುವುದು ಮೂರು ತಿಂಗಳು. ಕಂತು ಇಳಿಸದೆ ಕಟ್ಟುವ ಹಟದಿಂದ ಉಳಿಯುವುದು ವರ್ಷಗಟ್ಟಲೆ.

ಈಗ ತಂದೆ ತಾಯಿಯರಿಗೆ. ನಿಮ್ಮ ನಿವೃತ್ತಿಯ ಹಣ ಮುಟ್ಟಬೇಡಿ. ಮಗನಿಗೆ ದುಡಿಯಲು ಮೂವತ್ತು ವರ್ಷವಿದೆ, ನಿಮಗಿಲ್ಲ. ಕಾರ್ಡಿನ ಸಾಲ ತೀರಿಸಲು ಮನೆ ಅಡವಿಡಬೇಡಿ. ಕಾರ್ಡಿನ ಸಾಲಕ್ಕೆ ಅಡವಿರುವುದಿಲ್ಲ, ಮನೆ ಅಡವಿಟ್ಟು ತಂದ ಸಾಲ ಕೆಟ್ಟರೆ ಮನೆಯೇ ಹೋಗುತ್ತದೆ. ಜಾಮೀನಿಗೆ ಸಹಿ ಹಾಕುವ ಮುಂಚೆ ಆ ಸಾಲ ನಿಮ್ಮದೇ ಎಂದುಕೊಂಡು ಓದಿ. ಹಲವು ದೇಶಗಳ ಕಾನೂನಿನಲ್ಲಿ ಸಾಲ ಕೊಟ್ಟವರು ಮೊದಲು ಸಾಲಗಾರನನ್ನೇ ಹಿಡಿಯಬೇಕೆಂದೇನೂ ಇಲ್ಲ, ನೇರವಾಗಿ ಜಾಮೀನುದಾರರ ಬಾಗಿಲಿಗೆ ಬರಬಹುದು. ಹಣ ಕೊಡುವುದೇ ಆದರೆ ಸಾಲದ ಖಾತೆಗೆ ನೇರವಾಗಿ ಕಟ್ಟಿ ರಸೀದಿ ಪಡೆಯಿರಿ. ಮಗಳು ಕದಿಯುತ್ತಾಳೆಂದಲ್ಲ. ಕೈಗೆ ಬಂದ ಹಣ ಅಂದು ಹೆಚ್ಚು ಕೂಗುತ್ತಿರುವ ಸಾಲಕ್ಕೆ ಹೋಗುತ್ತದೆ, ಹೆಚ್ಚು ಬಡ್ಡಿಯ ಸಾಲಕ್ಕಲ್ಲ. ಒಬ್ಬರಿಗೆ ಕೊಟ್ಟದ್ದು ಉಳಿದ ಮಕ್ಕಳಿಗೂ ಗೊತ್ತಿರಲಿ. ಹತ್ತು ವರ್ಷದ ಮೇಲೆ ಬಾಯಿಬಿಟ್ಟರೆ ಅದು ಬಡ್ಡಿ ಸಮೇತ ಬರುತ್ತದೆ.

ಸಾಲದ ಮೂಲ ಜೂಜು ಅಥವಾ ಮಾದಕ ವಸ್ತು ಎಂದು ತಿಳಿದರೆ ಹಣದ ಮಾತನ್ನೇ ಬದಿಗಿಡಿ. ಮೊದಲು ಚಿಕಿತ್ಸೆ. ಚಟ ಇರುವಾಗ ತೀರಿಸಿದ ಸಾಲ ಹೊಸ ಸಾಲಕ್ಕೆ ಜಾಗ ಮಾಡಿಕೊಡುತ್ತದೆ ಅಷ್ಟೇ. ಸಾಲದ ಚಿಂತೆಯಲ್ಲಿ ಮಗ ಬದುಕುವುದೇ ಬೇಡ ಎಂಬಂತೆ ಮಾತಾಡಿದರೆ ಅದನ್ನು ಮಾತಿಗೆ ಬಂದ ಮಾತು ಎಂದು ಬಿಡಬೇಡಿ. ಆ ದಿನ ಅವನನ್ನು ಒಬ್ಬನೇ ಇರಲು ಬಿಡದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.

6. ಮನೆಯೊಳಗಿನ ಒಪ್ಪಂದ

ಅಪ್ಪನ ಜೊತೆ ಕರಾರು ಪತ್ರವೇ ಎಂದು ನಗು ಬರಬಹುದು. ಅರ್ಧ ಪುಟ ಸಾಕು: ಕೊಟ್ಟದ್ದೆಷ್ಟು, ಅದು ಸಾಲವೋ ಕೊಡುಗೆಯೋ, ಯಾವ ತಾರೀಖಿನಿಂದ ತಿಂಗಳಿಗೆಷ್ಟು ವಾಪಸು. ಇದಕ್ಕಿಂತ ಮುಖ್ಯವಾದವು ಇನ್ನೆರಡು. ನಿಮ್ಮ ಕೆಲಸ ಹೋದರೆ ಕಂತು ಎಷ್ಟು ತಿಂಗಳು ನಿಲ್ಲಬಹುದು? ಅವರಿಗೇ ತುರ್ತು ಬಂದರೆ ಏನು? ಈ ಎರಡಕ್ಕೂ ಮೊದಲೇ ಉತ್ತರ ಬರೆದಿದ್ದರೆ ಆ ದಿನ ಬಂದಾಗ ಹಾಳೆ ಮಾತಾಡುತ್ತದೆ, ನೀವಿಬ್ಬರೂ ಮಾತಾಡಬೇಕಾಗುವುದಿಲ್ಲ. ದೊಡ್ಡ ಮೊತ್ತವಾದರೆ ತೆರಿಗೆ ಬಲ್ಲವರನ್ನೊಮ್ಮೆ ಕೇಳಿ.

7. ಯಾವುದನ್ನು ಮೊದಲು ತೀರಿಸುವುದು

ವಾಸದ ಮನೆ, ವಿದ್ಯುತ್, ಕೆಲಸಕ್ಕೆ ಹೋಗಿಬರುವ ವಾಹನ, ಇವುಗಳ ಕಂತು ಮೊದಲು. ಎಲ್ಲ ಸಾಲಗಳ ಕನಿಷ್ಠ ಮೊತ್ತ ಆಮೇಲೆ. ಮಿಕ್ಕದ್ದೆಲ್ಲ ಒಂದೇ ಸಾಲದ ಮೇಲೆ ಬೀಳಬೇಕು, ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಹಂಚಬೇಡಿ.

ಆ ಒಂದು ಯಾವುದು? ಹೆಚ್ಚು ಬಡ್ಡಿಯದ್ದು ಎನ್ನುತ್ತದೆ ಗಣಿತ, ಅದರಲ್ಲಿ ತಪ್ಪಿಲ್ಲ. ಆದರೆ ಡೇವಿಡ್ ಗಾಲ್ ಮತ್ತು ಬ್ಲೇಕ್ಲಿ ಮ್ಯಾಕ್‌ಶೇನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೊಂದು ಸಂಗತಿ ಕಂಡಿತು: ಮೊತ್ತ ಎಷ್ಟೇ ಇರಲಿ, ಹೆಚ್ಚು ಖಾತೆಗಳನ್ನು ಮುಚ್ಚಿದವರೇ ಕೊನೆಗೆ ಎಲ್ಲ ಸಾಲದಿಂದ ಹೊರಬರುವ ಸಾಧ್ಯತೆ ಹೆಚ್ಚು. ಏಳು ಕಡೆ ಸಾಲವಿರುವವರಿಗೆ ಎರಡು ಸಣ್ಣವು ಮೊದಲ ಎರಡು ತಿಂಗಳಲ್ಲೇ ಮುಗಿದರೆ ಬರುವ ಉಸಿರು ದೊಡ್ಡದು. ನಾನು ಮಾಡಿದ್ದು ಹೀಗೆ: ಸಹೋದ್ಯೋಗಿಯ ಕೈಗಡ ಮೊದಲು, ಚಿಕ್ಕ ಆ್ಯಪ್ ಸಾಲ ಎರಡನೆಯದು, ಆಮೇಲೆ ಬಡ್ಡಿಯ ಕ್ರಮದಲ್ಲಿ. ಒಂದು ಸಾಲ ಮುಗಿದಾಗ ಅದರ ಕಂತು ಮುಂದಿನ ಸಾಲಕ್ಕೆ ಹಾಗೆಯೇ ಸೇರಬೇಕು. ಕಂತು ಮುಗಿಯಿತೆಂದು ಆ ತಿಂಗಳು ಕೈ ಸಡಿಲಿಸಿದರೆ ಯೋಜನೆ ಅಲ್ಲೇ ನಿಂತಿತು.

ಎಲ್ಲ ಸಾಲವನ್ನೂ ಒಂದೇ ಸಾಲಕ್ಕೆ ತಿರುಗಿಸುವ ಆಹ್ವಾನಗಳು ಬರುತ್ತವೆ. ಕಡಿಮೆ ದರ ನೋಡಿ ಮರುಳಾಗುವ ಮುಂಚೆ ಅವಧಿ ನೋಡಿ. ಒಂದು ಲಕ್ಷಕ್ಕೆ ವರ್ಷಕ್ಕೆ ಶೇಕಡಾ 12ರಂತೆ ಐದು ವರ್ಷದ ಸಾಲ ತೆಗೆದರೆ ಕಂತು 2,224ರಷ್ಟು ಹಗುರ, ಆದರೆ ಒಟ್ಟು ಬಡ್ಡಿ 33,000 ದಾಟುತ್ತದೆ. ತಿಂಗಳಿಗೆ ಶೇಕಡಾ 3ರ, ಅಂದರೆ ವರ್ಷಕ್ಕೆ 36ರ ಕಾರ್ಡನ್ನೇ 16 ತಿಂಗಳಲ್ಲಿ ತೀರಿಸಿದ್ದರೆ ಹೋಗುತ್ತಿದ್ದುದು 27,000. ಅದೇ ಶೇಕಡಾ 12ರ ಸಾಲ ತೆಗೆದು, ಮುಂಚಿತವಾಗಿ ಕಟ್ಟಲು ಶುಲ್ಕವಿಲ್ಲದಿದ್ದು, ತಿಂಗಳಿಗೆ 8,000ವನ್ನೇ ಕಟ್ಟಿದರೆ ಬಡ್ಡಿ 7,500 ಮುಟ್ಟುವುದಿಲ್ಲ.

8. ಸಾಲ ಕೊಟ್ಟವರ ಜೊತೆ ಮಾತು

ಕಂತು ತಪ್ಪುವ ಮುಂಚೆ ಕರೆ ಮಾಡಿ, ತಪ್ಪಿದ ಮೇಲಲ್ಲ. ಕಂತನ್ನು ಕಡಿಮೆ ಮಾಡಲು, ಗಡುವನ್ನು ಸಂಬಳದ ದಿನದ ಆಚೆಗೆ ತಳ್ಳಲು, ದಂಡ ಬಿಡಲು ಕೇಳುವುದರಲ್ಲಿ ತಪ್ಪಿಲ್ಲ. ಒಪ್ಪಿದರೆ ಬರವಣಿಗೆಯಲ್ಲಿ ಕೇಳಿ. ಕಂತು ಕೆಲವು ತಿಂಗಳು ನಿಲ್ಲಿಸುತ್ತೇವೆಂದರೆ ಆ ಅವಧಿಗೂ ಬಡ್ಡಿ ಸೇರುತ್ತದೆಯೇ ಎಂದು ಕೇಳಲು ಮರೆಯಬೇಡಿ, ಸಾಮಾನ್ಯವಾಗಿ ಸೇರುತ್ತದೆ. ಇಷ್ಟು ಕಟ್ಟಿದರೆ ಮಿಕ್ಕದ್ದು ಬಿಡುತ್ತೇವೆ ಎಂಬ ರಾಜಿ ಕೊನೆಯ ದಾರಿಯಾಗಿರಲಿ. ಕ್ರೆಡಿಟ್ ವರದಿಯಲ್ಲಿ ಪೂರ್ತಿ ತೀರಿಸಿದ್ದಕ್ಕೂ ರಾಜಿಯಲ್ಲಿ ಮುಗಿಸಿದ್ದಕ್ಕೂ ಬೇರೆ ಬೇರೆ ಗುರುತು ಬೀಳುತ್ತದೆ, ಎರಡನೆಯದು ವರ್ಷಗಟ್ಟಲೆ ಕಾಡುತ್ತದೆ. ವಸೂಲಿಯವರು ಬೆದರಿಸಿದರೆ ದಿನ, ಹೊತ್ತು, ಆಡಿದ ಮಾತು ಬರೆದಿಟ್ಟು ದೂರು ಕೊಡಿ. ಸಾಲ ತೀರಿಸಬೇಕೆಂಬುದು ನಿಜ, ಬೈಸಿಕೊಳ್ಳಬೇಕೆಂಬುದು ಯಾವ ಒಪ್ಪಂದದಲ್ಲೂ ಇಲ್ಲ.

9. ತಿಂಗಳಿಗೊಮ್ಮೆ ಇಪ್ಪತ್ತು ನಿಮಿಷ

ಸಂಬಳ ಬಂದ ವಾರದಲ್ಲಿ ಒಂದು ದಿನ ಗೊತ್ತು ಮಾಡಿ, ಅಂದು ಮಾತ್ರ ಹಾಳೆ ಹೊರಗೆ ಬರಲಿ. ಹಳೆಯ ಬಾಕಿ, ಕಟ್ಟಿದ್ದು, ಹೊಸ ಬಾಕಿ, ಹೊಸದಾಗಿ ಏನಾದರೂ ಸಾಲವಾಯಿತೇ, ಇಷ್ಟೇ. ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಆ ಇಪ್ಪತ್ತು ನಿಮಿಷದಲ್ಲಿ ಏನು ಬೇಕಾದರೂ ಕೇಳಬಹುದು, ಉಳಿದ ತಿಂಗಳು ಸಾಲದ ಮಾತಿಲ್ಲ. ಹೊಸ ಚಪ್ಪಲಿ ಕೊಂಡರೆ "ಸಾಲ ಇರುವಾಗ ಇದು ಬೇಕಿತ್ತೇ?" ಎಂದು ಕೇಳಲು ಅಮ್ಮ ಮೂರು ವಾರ ಕಾದಿದ್ದೂ ಉಂಟು. ಕಾದು ಕೇಳಿದ್ದರಿಂದ ನಾನು ಉತ್ತರವನ್ನೂ ಕೊಟ್ಟೆ.

ನಡುವೆ ಎಲ್ಲೋ ಒಂದು ತಿಂಗಳು ಜಾರುತ್ತದೆ. ನನ್ನದು ಹನ್ನೊಂದನೆಯ ತಿಂಗಳು, ಗೆಳೆಯನ ಮದುವೆಗೆ ಕ್ರೆಡಿಟ್ ಕಾರ್ಡಿಲ್ಲದೆ ಹೋಗಿ ಇನ್ನೊಬ್ಬನ ಬಳಿ ಕೈಗಡ ಮಾಡಿ ಬಂದೆ. ಮುಂದಿನ ಹಾಳೆಯಲ್ಲಿ ಅದು ಬರೆಯಲ್ಪಟ್ಟಿತೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಬರೆದೆ. ಅಪ್ಪ ಓದಿದರು, ಆ ಸಲ ಹಾಳೆ ತಿರುವಲಿಲ್ಲ.

10. ಮುಗಿಸುವಾಗಿನ ಕಾಗದಪತ್ರ

ಕೊನೆಯ ಕಂತು ಕಟ್ಟಿದ ದಿನ ಸಾಲ ಮುಗಿಯಿತೆಂದು ಕೂರಬೇಡಿ. ಕೆಲವು ರೂಪಾಯಿಯ ಬಡ್ಡಿ ಉಳಿದುಕೊಂಡು ಅದರ ಮೇಲೆ ದಂಡ ಬೆಳೆಯುವುದುಂಟು. ಬಾಕಿ ಇಲ್ಲ ಎಂಬ ಪತ್ರವನ್ನು ಕೇಳಿ ಪಡೆಯಿರಿ. ತಾನಾಗಿ ಹಣ ಕಡಿತವಾಗುವ ಆದೇಶವನ್ನು ರದ್ದುಮಾಡಿಸಿ. ಅಡವಿಟ್ಟ ದಾಖಲೆ, ಸಹಿ ಮಾಡಿಕೊಟ್ಟ ಖಾಲಿ ಚೆಕ್‌ಗಳಿದ್ದರೆ ಅವೂ ವಾಪಸು ಬರಬೇಕು. ಜಾಮೀನು ನಿಂತವರಿಗೆ ಅವರ ಹೊಣೆ ಮುಗಿಯಿತೆಂಬ ಪತ್ರದ ಪ್ರತಿ ತಲುಪಿಸಿ. ಎರಡು ಮೂರು ತಿಂಗಳ ನಂತರ ಕ್ರೆಡಿಟ್ ವರದಿ ಮತ್ತೊಮ್ಮೆ ತೆಗೆದು, ಆ ಖಾತೆ ಮುಚ್ಚಿದೆ ಎಂದು ಅಲ್ಲೂ ಬಂದಿದೆಯೇ ನೋಡಿ.

ಹಾಳೆಯಲ್ಲಿ ಆ ಸಾಲದ ಸಾಲಿನ ಮೇಲೆ ಗೆರೆ ಎಳೆಯುವುದು ಅದಾದ ಮೇಲೆ. ಎಳೆಯುವಾಗ ಪೆನ್ನನ್ನು ಅಪ್ಪನ ಕೈಗೆ ಕೊಡಿ.